ಹೆಸರು ಓದುತ್ತಿದ್ದ ವಸಂತಾ ಮೇಡಂ

"ಮನೇಲಿ ನಿಮ್ಮನ್ನ ಏನಂತ ಕರೀತಾರೆ?"

ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರಿಗೆ ವಸಂತಾ ಮೇಡಂ ಫೋನಿನಲ್ಲಿ ಈ ಪ್ರಶ್ನೆ ಕೇಳಿದಾಗ ನಾನು ಎದುರಿನ ಕುರ್ಚಿಯಲ್ಲಿದ್ದೆ. ಆ ಕಡೆಯಿಂದ ಅವರು ಏನೋ ಹೇಳಿದರು, ಮೇಡಂ "ಸರಿ ಸಾರ್, ಥ್ಯಾಂಕ್ಸ್" ಎಂದು ಫೋನ್ ಇಟ್ಟರು.

"ಕಾಗದದಲ್ಲಿ ಇವರು ತಿಮ್ಮರಾಯಪ್ಪ. ಅವರಮ್ಮ ತಿಮ್ರಾಯಿ ಅಂತಿದ್ರಂತೆ" ಎಂದು ನನಗೆ ಹೇಳಿದರು. "ನಾನೇನು ಸ್ಟೇಜ್ ಮೇಲೆ ತಿಮ್ರಾಯಿ ಅನ್ನಲ್ಲ. ಆದ್ರೆ ಅದು ಗೊತ್ತಿದ್ರೆ ತಿಮ್ಮರಾಯಪ್ಪ ಅನ್ನೋದು ಬಾಯಲ್ಲಿ ಬೇರೆ ಥರ ಬರುತ್ತೆ."

ನಮ್ಮದು ಮೊದಲು ಕಾಲೇಜಾಗಿದ್ದು ಆಮೇಲೆ ವಿಶ್ವವಿದ್ಯಾಲಯವಾದ ಸಂಸ್ಥೆ. ಕೆ.ಆರ್. ಪುರದ ಹತ್ತಿರ, ಹಳೇ ಮದ್ರಾಸ್ ರಸ್ತೆಯಿಂದ ಸ್ವಲ್ಪ ಒಳಗಿದೆ. ಇಲ್ಲಿ ಓದಿ ಹೆಸರು ಮಾಡಿದ ಕೆಲವರನ್ನು ವರ್ಷಕ್ಕೊಮ್ಮೆ ಕರೆಸಿ, ಶಾಲು ಹೊದಿಸಿ, ಫಲಕ ಕೊಟ್ಟು ಕಳಿಸುವುದು ಬಹಳ ಕಾಲದಿಂದ ನಡೆದುಬಂದಿದೆ. ವಿಜ್ಞಾನಿಗಳು, ಡಾಕ್ಟರುಗಳು, ಕಲೆಕ್ಟರುಗಳು, ಆಟಗಾರರು, ಅಪರೂಪಕ್ಕೆ ಒಬ್ಬರು ನಾಟಕದವರು. ಅವರ ಸಾಧನೆಗಳನ್ನು ಸೇರಿಸಿ ಒಂದು ಪುಟದ ಅಭಿನಂದನಾ ಪತ್ರ ಬರೆಯುವುದು ನನ್ನ ನೌಕರಿ. ಅದನ್ನು ವೇದಿಕೆಯ ಮೇಲೆ ಓದುವುದು ವಸಂತಾ ಮೇಡಂ ಕೆಲಸ. ಅವರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಈ ಒಂದು ಕೆಲಸವನ್ನು ಯಾರೂ ಅವರಿಂದ ತೆಗೆದುಕೊಂಡಿರಲಿಲ್ಲ, ಅವರೂ ಬಿಟ್ಟುಕೊಟ್ಟಿರಲಿಲ್ಲ.

ಕುಳ್ಳಗಿನ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಗಂಡ ವಿಮಾ ಕಂಪನಿಯಲ್ಲಿದ್ದವರು, ಮಗ ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು. ಜೀವನ್ ಬಿಮಾ ನಗರದ ಮನೆಯಲ್ಲಿ ಮಗ ಹರೀಶ, ಸೊಸೆ ಮೇಘನಾ ಮತ್ತು ಇವರು, ಮೂರೇ ಜನ. ಸನ್ಮಾನದ ದಿನ ಹತ್ತಿರ ಬಂತೆಂದರೆ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದು ಕೂತು, ಸನ್ಮಾನಿತರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದರು. ಹೆಸರನ್ನು ಹೇಗೆ ಹೇಳಬೇಕು, ಊರಿನ ಹೆಸರನ್ನು ಹೇಗೆ ಹೇಳಬೇಕು, ಮನೆಯಲ್ಲಿ ಏನೆಂದು ಕರೆಯುತ್ತಾರೆ.

ಅವರ ದನಿ ಚೆನ್ನಾಗಿತ್ತು ಎಂದು ಹೇಳಲಾರೆ. ಸ್ವಲ್ಪ ಒಣ ದನಿ, ಕ್ಲಾಸಿನಲ್ಲಿ ಹಾಜರಿ ಕೂಗುವವರ ದನಿ. ಆದರೆ ಆ ದನಿಯಲ್ಲಿ ತಮ್ಮ ಹೆಸರು ಕೇಳಿದಾಗ ದೊಡ್ಡ ದೊಡ್ಡವರು ಕುರ್ಚಿಯಲ್ಲಿ ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ.

ನಾನು ಬರೆದ ಮೊದಲ ಅಭಿನಂದನಾ ಪತ್ರದಲ್ಲಿ "ಅಪ್ರತಿಮ ಪ್ರತಿಭೆ", "ಬಹುಮುಖ ವ್ಯಕ್ತಿತ್ವ", "ನಾಡಿನ ಹೆಮ್ಮೆ" ಎಲ್ಲವೂ ಇದ್ದವು. ಮೇಡಂ ಕೆಂಪು ಪೆನ್ಸಿಲ್ ತೆಗೆದು ಒಂದೊಂದನ್ನೇ ಹೊಡೆದುಹಾಕಿದರು.

"ಎಲ್ಲರೂ ಅಪ್ರತಿಮ ಆಗ್ಬಿಟ್ರೆ ಹೇಗೆ ನಾಗರಾಜ್? ಏನ್ ಮಾಡಿದ್ರು, ಎಲ್ಲಿ ಮಾಡಿದ್ರು, ಅದರಿಂದ ಯಾರಿಗೆ ಏನಾಯ್ತು, ಅಷ್ಟು ಬರೀರಿ. ಚಪ್ಪಾಳೆ ಜನ ಹೊಡೀತಾರೆ. ನೀವು ಹೊಡೀಬೇಡಿ."

ಇನ್ನೊಂದು ಕಟ್ಟುನಿಟ್ಟು, ಯಾರಿಗಾದರೂ ಒಂದೇ ಪುಟ. ಒಂದು ವರ್ಷ ಸನ್ಮಾನಿತರಲ್ಲಿ ಒಬ್ಬರು ದೊಡ್ಡ ಉದ್ಯಮಿ. ನಮ್ಮ ಹೊಸ ಕಟ್ಟಡಕ್ಕೆ ಕೈತುಂಬ ಕೊಟ್ಟವರು. ಅವರ ಆಪ್ತ ಸಹಾಯಕ ದಪ್ಪದೊಂದು ಫೈಲ್ ತಂದು ನನ್ನ ಮೇಜಿನ ಮೇಲಿಟ್ಟ. ಅವರಿಗೆ ಬಂದ ಪ್ರಶಸ್ತಿಗಳು, ಭೇಟಿಯಾದ ಗಣ್ಯರು, ಅಧ್ಯಕ್ಷರಾಗಿದ್ದ ಸಂಘಗಳು, ಎಲ್ಲವನ್ನೂ ಓದಬೇಕಂತೆ. ನಾನು ಫೈಲನ್ನು ತಿರುವಿ ನೋಡುತ್ತಿದ್ದೆ. ಪಕ್ಕದಲ್ಲಿ ಪತ್ರಗಳ ತಪ್ಪು ತಿದ್ದುತ್ತಿದ್ದ ಮೇಡಂ ತಲೆ ಎತ್ತದೆ ಹೇಳಿದರು.

"ಬೇಕಾದ್ರೆ ಅವರಿಗೆ ದೊಡ್ಡ ಕುರ್ಚಿ ಹಾಕ್ಸೋಣ ಬಿಡಿ. ಓದೋದು ಒಂದೇ ಪುಟ."

ಆ ಸಹಾಯಕ ನೇರವಾಗಿ ಕುಲಪತಿಗಳ ಹತ್ತಿರ ಹೋದ. ಕುಲಪತಿಗಳು ಮೇಡಂ ಅವರನ್ನು ಕರೆಸಿದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬಂದ ಮೇಡಂ "ಒಂದೇ ಪುಟ, ನಾಗರಾಜ್" ಎಂದು ಮತ್ತೆ ಪೆನ್ಸಿಲ್ ಹಿಡಿದರು. ಸಮಾರಂಭದ ದಿನ ಉದ್ಯಮಿ ಸಂತೋಷವಾಗಿಯೇ ಇದ್ದರು. ಅವರು ಹುಟ್ಟಿದ ಹಳ್ಳಿಯ ಹೆಸರನ್ನು ಮೇಡಂ ಅಲ್ಲಿಯವರು ಹೇಳುವ ಹಾಗೆಯೇ ಹೇಳಿದ್ದರು, ಅದೊಂದೇ ಅವರ ಕಿವಿಗೆ ಬಿದ್ದಂತಿತ್ತು.

ಸೆಲ್ವರಾಜ್ ಬಂದದ್ದು ಅದರ ಮರುವರ್ಷ. ಹಲಸೂರಿನವರು, ಒಂದು ಕಾಲಕ್ಕೆ ದೇಶಕ್ಕಾಗಿ ಹಾಕಿ ಆಡಿದವರು. ಆಮೇಲೆ ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾಗಿದ್ದರು. ನಮ್ಮಲ್ಲಿ ಓದಿದ್ದಾರೆಂಬುದೇ ನಮಗೆ ಮರೆತುಹೋಗಿತ್ತು. ಮೇಡಂ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದರು.

"ನಮ್ಮಮ್ಮ ಸೆಲ್ವಾ ಅನ್ನೋರು ಮೇಡಂ" ಎಂದರಂತೆ. "ಈಗ ಯಾರೂ ಇಲ್ಲ ಹಂಗೆ ಕೂಗಕ್ಕೆ. ವೈಫು ಏನ್ರೀ ಅಂತಾಳೆ, ಅಷ್ಟೇ."

ಸಮಾರಂಭಕ್ಕೆ ಹಳೆಯ ತಂಡದ ಕೋಟು ಹಾಕಿಕೊಂಡು ಬಂದರು. ಗುಂಡಿ ಹಾಕಲು ಆಗುತ್ತಿರಲಿಲ್ಲ. ಮೇಡಂ ಓದಿ ಮುಗಿಸಿದ ಮೇಲೂ ಅವರು ಎದ್ದು ಬರಲಿಲ್ಲ. ಯಾರೋ ಹೋಗಿ ಭುಜ ಮುಟ್ಟಿದರು. ಎದ್ದು ಬಂದು, ಶಾಲು ಹೊದಿಸುತ್ತಿದ್ದ ಕುಲಪತಿಗಳ ಕಡೆ ನೋಡದೆ ಮೇಡಂ ಕಡೆಗೇ ತಿರುಗಿ ಕೈ ಮುಗಿದರು. ಆಮೇಲೆ ಊಟದ ಹಾಲಿನಲ್ಲಿ ನನ್ನ ಕೈ ಹಿಡಿದು "ಆಟ ಆಡುವಾಗ ಲೌಡ್‌ಸ್ಪೀಕರ್‌ನಲ್ಲಿ ನನ್ನ ಹೆಸರು ಸರಿಯಾಗಿ ಯಾರೂ ಹೇಳಿರ್ಲಿಲ್ಲ ಸಾರ್. ಸಿಲ್ವರ್ ರಾಜ್ ಅಂದೋರೂ ಇದಾರೆ" ಎಂದು ನಕ್ಕರು.

ವರ್ಷಗಟ್ಟಲೆ ಪ್ರಶಸ್ತಿಗಳ ಹೆಸರು ಬರೆದೂ ಬರೆದೂ ನನಗೆ ಪ್ರಶಸ್ತಿ ಎಂದರೆ ಏನೂ ಅನ್ನಿಸದಂತಾಗಿತ್ತು. ಪದಕ, ಪೀಠ, ಗೌರವ ಡಾಕ್ಟರೇಟು, ಎಲ್ಲ ಒಂದೇ ಅಕ್ಷರಗಳ ಹಿಂದುಮುಂದು ಜೋಡಣೆ. ಮೇಡಂ ಓದುವಾಗ ಮಾತ್ರ, ಓ ಇದೆಲ್ಲ ಒಬ್ಬ ಮನುಷ್ಯ ಮಾಡಿದ್ದು ಅನ್ನಿಸುತ್ತಿತ್ತು. ಅವರ ಹತ್ತಿರ ನಾನು ಅಷ್ಟು ವರ್ಷ ಅಂಟಿಕೊಂಡದ್ದು ಅದಕ್ಕೇ ಇರಬೇಕು.

ಸೆಲ್ವರಾಜ್ ಬಂದುಹೋದ ಮರುವರ್ಷ, ಮೇಡಂ ಕೂಡ ಇದ್ದ ಆಯ್ಕೆ ಸಮಿತಿಯಲ್ಲಿ ಯಾರೋ ಅವರ ಮಗ ಹರೀಶನ ಹೆಸರು ಹೇಳಿದರು. ಅವನೂ ನಮ್ಮಲ್ಲೇ ಭೂವಿಜ್ಞಾನ ಓದಿದವನು. ನೆಲದಡಿಯ ನೀರಿನ ಮೇಲೆ ಕೆಲಸ ಮಾಡುತ್ತಿದ್ದ. ಕೋಲಾರದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಎಲ್ಲಿ ಕೊಳವೆಬಾವಿ ಕೊರೆಯಬಾರದು ಎಂದು ಗುರುತು ಮಾಡಿಕೊಟ್ಟಿದ್ದ. ದೆಹಲಿಯಲ್ಲಿ ಯುವ ವಿಜ್ಞಾನಿ ಪ್ರಶಸ್ತಿ ಬಂದಿತ್ತು, ಹೊರದೇಶದವರೂ ಅವನ ನಕ್ಷೆಗಳನ್ನು ಬಳಸುತ್ತಿದ್ದರು. "ಇಲ್ಲಿ ನೀರಿಲ್ಲ ಅಂತ ಹೇಳೋದೇ ನನ್ನ ಕೆಲಸ ಸಾರ್. ಯಾರೂ ಕಾಫಿ ಕೊಡಲ್ಲ" ಎಂದು ಒಮ್ಮೆ ನನಗೆ ಹೇಳಿದ್ದ.

ಹೆಸರು ಬಂದ ಕೂಡಲೇ ಮೇಡಂ ಚೀಲ ತೆಗೆದುಕೊಂಡು ಎದ್ದು ಹೊರಗೆ ಹೋದರು. ಕಾರಿಡಾರಿನ ಬೆಂಚಿನ ಮೇಲೆ ಕೂತು ಟೀ ಕುಡಿದರು. ನಾನು ಹೋಗಿ "ಆಯ್ತು ಮೇಡಂ, ಎಲ್ಲರೂ ಒಪ್ಪಿದ್ರು" ಎಂದಾಗ ಲೋಟ ಕೆಳಗಿಟ್ಟು ಒಳಗೆ ಬಂದರು. "ಮುಂದಿನ ಹೆಸರು ಯಾವ್ದು?" ಎಂದು ಕೇಳಿದರು.

ಫೋನ್ ಮಾಡುವ ದಿನ ಮಗನನ್ನೂ ಬಿಡಲಿಲ್ಲ. ಆಫೀಸಿನ ಫೋನಿನಿಂದಲೇ ಮಾಡಿದರು. ಹರೀಶನ ದನಿ ಎಷ್ಟು ಗಟ್ಟಿಯೆಂದರೆ ಅದು ನನಗೂ ಕೇಳುತ್ತಿತ್ತು.

"ಹರೀಶ್ ಅವರಾ? ವಿಶ್ವವಿದ್ಯಾಲಯದಿಂದ ಮಾತಾಡ್ತಿದೀನಿ."

"ಅಮ್ಮಾ, ಏನಿದು? ಬೆಳಗ್ಗೆ ಒಟ್ಟಿಗೆ ತಿಂಡಿ ತಿಂದಿದೀವಿ."

"ಮನೇಲಿ ನಿಮ್ಮನ್ನ ಏನಂತ ಕರೀತಾರೆ?"

ಆ ಕಡೆ ನಗು. "ಹರೀ ಅಂತಾರೆ ಮೇಡಂ. ಕೋಪ ಬಂದ್ರೆ ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿಸಿ."

"ಸರಿ. ಸಂಜೆ ಬರ್ತಾ ಮೊಸರು ತಗೊಂಡ್ ಬಾ" ಎಂದು ಮೇಡಂ ಫೋನ್ ಇಟ್ಟರು. ಮುಖದಲ್ಲಿ ನಗು ಇತ್ತು, ನಾನು ನೋಡಿದೆನೆಂದು ಗೊತ್ತಾಗಿ ಕನ್ನಡಕ ಒರೆಸಿಕೊಂಡರು.

ಸಮಾರಂಭಕ್ಕೆ ಇನ್ನೂ ಕೆಲವು ವಾರಗಳಿರುವಾಗ ಹರೀಶ ಬಾಗೇಪಲ್ಲಿ ಕಡೆ ಕೆಲಸಕ್ಕೆ ಹೋದವನು ಜೀಪಿನಲ್ಲಿ ಕೂತಲ್ಲೇ ಹೋಗಿಬಿಟ್ಟ. ಹೃದಯ ನಿಂತಿತ್ತು. ಅದಕ್ಕೆ ಮೊದಲು ಕಾಯಿಲೆ ಏನೂ ಇರಲಿಲ್ಲ. ನಾನು ಹೋಗುವ ಹೊತ್ತಿಗೆ ದೇಹ ಮನೆಗೆ ಬಂದಿತ್ತು. ಮೇಘನಾ ಗೋಡೆಗೆ ಒರಗಿ ಕೂತಿದ್ದಳು. ಮೇಡಂ ಬಾಗಿಲ ಬಳಿ ನಿಂತು ಬಂದವರಿಗೆಲ್ಲ "ಚಪ್ಪಲಿ ಈ ಕಡೆ ಬಿಡಿ" ಎನ್ನುತ್ತಿದ್ದರು. ನನಗೂ ಹಾಗೇ ಹೇಳಿದರು. ಕಲ್ಪಳ್ಳಿಯ ಸ್ಮಶಾನಕ್ಕೆ ಹೊರಟಾಗ ನನ್ನನ್ನು ಕರೆದು "ಪತ್ರಗಳು ಪ್ರೆಸ್ಸಿಗೆ ಹೋದವಾ?" ಎಂದು ಕೇಳಿದರು. ಹೋಗಿಲ್ಲ ಎಂದೆ. "ಸದ್ಯ ಕಳಿಸ್ಬೇಡಿ" ಎಂದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ದಿನ ಕಚೇರಿಗೆ ಬಂದರು. ನಾನು ಪತ್ರಗಳನ್ನು ಮುಂದಿಟ್ಟೆ. ಹರೀಶನದ್ದನ್ನು ಅಡಿಯಲ್ಲಿಟ್ಟಿದ್ದೆ. ಎಲ್ಲವನ್ನೂ ತಿದ್ದುತ್ತಾ ಅಲ್ಲಿಗೆ ಬಂದರು. ನಾನು ಅದನ್ನು ಬರೆದದ್ದು ಅವನು ಇದ್ದಾಗ. "ಗುರುತಿಸಿದ್ದಾರೆ", "ರಚಿಸಿದ್ದಾರೆ", "ಮಾಡುತ್ತಿದ್ದಾರೆ". ಅದನ್ನು ಬದಲಿಸಲು ಎರಡು ಸಲ ಕೂತಿದ್ದೆ, ಕೈ ಬಂದಿರಲಿಲ್ಲ.

ಮೇಡಂ ಪೆನ್ಸಿಲ್ ತೆಗೆದುಕೊಂಡರು. ಮೊದಲ ಸಾಲಿನ "ದ್ದಾರೆ" ಹೊಡೆದು ಮೇಲೆ "ದ್ದರು" ಎಂದು ಬರೆದರು. ಎರಡನೆಯ ಸಾಲಿನಲ್ಲೂ ಹಾಗೆಯೇ. ಪುಟದ ಕೊನೆಯವರೆಗೂ ಒಂದನ್ನೂ ಬಿಡಲಿಲ್ಲ. ನನ್ನ ಕಡೆ ತಳ್ಳಿ "ಇಷ್ಟೇ ನಾಗರಾಜ್, ಬದಲಾಗೋದು. ಮಿಕ್ಕಿದ್ದೆಲ್ಲ ಹಾಗೇ ಇರ್ಲಿ" ಎಂದರು.

ಕುಲಪತಿಗಳು ತಾವೇ ಬಂದರು. ಕುರ್ಚಿ ಎಳೆದು ಕೂತು ಮೆಲ್ಲಗೆ ಹೇಳಿದರು. "ಈ ಸಲ ಬೇರೆ ಯಾರಾದ್ರೂ ಓದ್ಲಿ ಮೇಡಂ. ಪೂರ್ತಿ ಬೇಡ ಅಂದ್ರೆ ಹರೀಶಂದು ಒಂದನ್ನಾದ್ರೂ. ನಿಮಗೆ ಯಾಕೆ ಅಷ್ಟು ಕಷ್ಟ?"

"ಎಲ್ಲರದ್ದೂ ನಾನು ಓದಿ, ಅವನದ್ದೊಂದು ಬೇರೆಯವರ ಕೈಗೆ ಕೊಟ್ರೆ ಅವನು ಹೊರಗಿನವನ ಥರ ಆಗ್ಬಿಡ್ತಾನೆ ಸಾರ್" ಎಂದರು ಮೇಡಂ. "ಓದ್ತೀನಿ. ನಂಗೇನೂ ಆಗಲ್ಲ. ಆಗೋದೆಲ್ಲ ಆಗಿದೆ."

ಕುಲಪತಿಗಳು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ವಿಷಯ ಎಲ್ಲರಿಗೂ ಗೊತ್ತಿತ್ತು. ಮೇಘನಾ ವೇದಿಕೆಯ ಮೇಲೆ, ಹರೀಶನಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಿದ್ದಳು. ಮೇಡಂ ಮೊದಲ ಮೂವರ ಪತ್ರಗಳನ್ನು ಯಾವತ್ತಿನಂತೆಯೇ ಓದಿದರು. ನಾಲ್ಕನೆಯದು ಹರೀಶನದು. ಹೆಸರು ಹೇಳಿದರು. ಅದರಲ್ಲಿ ಏನೂ ವಿಶೇಷ ಇರಲಿಲ್ಲ, ಉಳಿದವರ ಹೆಸರು ಹೇಳಿದ ಹಾಗೆಯೇ. ಹುಟ್ಟಿದ್ದು ಬೆಂಗಳೂರಿನಲ್ಲಿ, ತಂದೆ ಇಂಥವರು ಎಂದರು. ತಾಯಿಯ ಹೆಸರು ಬಂದಾಗ ತಮ್ಮ ಹೆಸರನ್ನೂ ಓದಿದರು, ಯಾರೋ ಬೇರೆ ಹೆಂಗಸಿನ ಹೆಸರು ಎಂಬಂತೆ. ಅವನನ್ನು "ಇವರು" ಎಂದರು, "ಶ್ರೀಯುತರು" ಎಂದರು. ಹಳ್ಳಿಗಳ ಹೆಸರು ಓದಿದರು, ದೆಹಲಿಯ ಪ್ರಶಸ್ತಿ ಓದಿದರು. ಗುರುತಿಸಿದ್ದರು, ರಚಿಸಿದ್ದರು. ಎಲ್ಲ ಸರಿಯಾಗಿ ನಡೆಯಿತು.

ಕೊನೆಯ ಸಾಲು ಬಂತು. "ಕೆ.ಆರ್. ಪುರದ ಸುತ್ತಮುತ್ತಲಿನ ಕೆರೆಗಳ ಅಂತರ್ಜಲದ ಅಧ್ಯಯನವನ್ನು ಇವರು ಈಗ ಮಾಡುತ್ತಿದ್ದಾರೆ."

ಕಾಗದದಲ್ಲಿ ಹಾಗಿರಲಿಲ್ಲ. ನಾನೇ ಟೈಪ್ ಮಾಡಿಸಿದ್ದೆ. ಮೇಡಂ ಪುಟವನ್ನು ನೋಡುತ್ತ ನಿಂತರು. ಮೇಘನಾ ತಲೆ ಎತ್ತಿ ಅವರ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೇಡಂ, "ತಪ್ಪಾಯಿತು, ಕ್ಷಮಿಸಬೇಕು" ಎಂದು ಆ ಸಾಲನ್ನು ಮತ್ತೆ ಓದಿದರು. "ಮಾಡುತ್ತಿದ್ದರು" ಎಂದು ನಿಲ್ಲಿಸಿ ಪುಟ ತಿರುವಿದರು. ಮುಂದಿನವರು ಮಾಲೂರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಹೆಸರನ್ನು ಯಾವತ್ತಿನ ದನಿಯಲ್ಲೇ ಓದಿದರು. ಆಕೆ ಅಳುತ್ತ ಬಂದು ಶಾಲು ಹೊದಿಸಿಕೊಂಡರು.

ನನಗೆ ಅಳು ಬರಲಿಲ್ಲ. ನಾನು ಪಕ್ಕದ ಪರದೆಯ ಹಿಂದೆ ನಿಂತು ಮುಂದಿನ ಫಲಕ ಸರಿಯಾದದ್ದೇ ಎಂದು ನೋಡುತ್ತಿದ್ದೆ. ಊಟದಲ್ಲಿ ಮೇಡಂ ಬಿಸಿಬೇಳೆಬಾತ್ ಹಾಕಿಸಿಕೊಂಡರು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು, ತಟ್ಟೆಯಲ್ಲಿ ಏನೂ ಬಿಡದೆ ತಿಂದರು. ಸುತ್ತ ಕೂತವರೂ ಊಟ ಮಾಡಿದರು. ಮೇಘನಾ ತಿನ್ನದೆ ಕೂತಿದ್ದಳು. ಮೇಡಂ ಅವಳ ತಟ್ಟೆಗೆ ಮೊಸರನ್ನ ಹಾಕಿ "ಎರಡು ತುತ್ತು" ಎಂದರು. ಅವಳು ತಿಂದಳು.

ಮರುವರ್ಷ ಮೇಡಂ ಬಂದರು, ಓದಿದರು. ಫೋನ್ ಮಾತ್ರ ಮಾಡಲಿಲ್ಲ. "ನೀವೇ ಕೇಳ್ಬಿಡಿ ನಾಗರಾಜ್, ನಂಗೆ ಬರ್ಕೊಂಡು ಕೊಡಿ" ಎಂದರು. ನಾನು ಕೇಳಿದೆ. ಒಬ್ಬ ದೊಡ್ಡ ಶಸ್ತ್ರವೈದ್ಯರು "ಅದೆಲ್ಲ ಯಾಕ್ರೀ ನಿಮಗೆ?" ಎಂದು ಗದರಿದರು. ಅವರ ಹೆಸರಿನ ಮುಂದೆ ಖಾಲಿ ಬಿಟ್ಟು ಮುಂದಿನವರಿಗೆ ಫೋನ್ ಮಾಡಿದೆ. ಆ ವರ್ಷದ ಸಮಾರಂಭ ಆದ ಮೇಲೆ ಮೇಡಂ ಇನ್ನು ಸಾಕು ಎಂದರು. ಯಾರೂ ಒತ್ತಾಯ ಮಾಡಲಿಲ್ಲ. ಅವರನ್ನೇ ಕರೆದು ಸನ್ಮಾನ ಮಾಡೋಣವೆಂದು ಕೆಲವರು ಅಂದರು. "ನಾನು ಇಲ್ಲಿ ಓದಿದೋಳಲ್ಲ, ಕಲಿಸಿದೋಳು" ಎಂದು ಮೇಡಂ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ಒಂದು ದಿನ ಅವರಿಂದಲೇ ಫೋನ್ ಬಂತು. ಮೇಘನಾ ಮದುವೆಗೆ ಬರಬೇಕು ಎಂದರು.

"ಹುಡುಗ ಅವಳ ಆಫೀಸಲ್ಲೇ ಇರೋನು. ಒಂದು ವರ್ಷದಿಂದ ನನಗೆ ಹೇಳೋಕೆ ಹೆದರ್ಕೊಂಡಿದ್ಲು. ನಾನೇ ಕೇಳ್ದೆ" ಎಂದರು. "ಬನ್ನಿ. ಊಟ ಚೆನ್ನಾಗಿರುತ್ತೆ."

ಹಲಸೂರಿನ ಒಂದು ಸಣ್ಣ ಕಲ್ಯಾಣ ಮಂಟಪ. ಧಾರೆ ಎರೆಯಲು ಮೇಘನಾಳ ಅಪ್ಪ ಅಮ್ಮ ಇದ್ದರು. ಮೇಡಂ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದರು. ಗಂಡಿನ ಕಡೆಯ ಒಬ್ಬ ಹೆಂಗಸು "ನೀವು ಹುಡುಗಿಗೆ ಏನಾಗ್ಬೇಕು?" ಎಂದು ಕೇಳಿದಳು. ಮೇಡಂ ಸ್ವಲ್ಪ ಯೋಚಿಸಿ "ಅವಳು ನಮ್ಮನೇಲಿ ಇದ್ಲು" ಎಂದರು. ಆಕೆ ಇವರನ್ನು ಬಾಡಿಗೆ ಮನೆಯ ಓನರ್ ಎಂದುಕೊಂಡಳೇನೋ, "ಓ, ಒಳ್ಳೇದು" ಎಂದು ಒಳಗೆ ಹೋದಳು.

ಮದುಮಕ್ಕಳನ್ನು ಕಾರು ಹತ್ತಿಸುವಾಗ ಮೇಘನಾ ಮೇಡಂ ಕೈಯನ್ನು ಬಿಡಲೊಲ್ಲಳು. "ಹೋಗು, ಟ್ರಾಫಿಕ್ ಜಾಸ್ತಿಯಾಗುತ್ತೆ" ಎಂದು ಮೇಡಂ ಬೆರಳುಗಳನ್ನು ಬಿಡಿಸಿದರು. ಕಾರು ಹೋದ ಮೇಲೆ ನಾನು ಮನೆಗೆ ಬಿಟ್ಟು ಬರುತ್ತೇನೆ ಎಂದೆ.

"ಬೇಡ, ಬಸ್ಸಿದೆ" ಎಂದರು. "ಮುಂದಿನ ತಿಂಗಳು ಮೈಸೂರಿಗೆ ಹೋಗ್ತಿದೀನಿ ನಾಗರಾಜ್. ತಂಗಿ ಮನೆ. ಅವಳಿಗೆ ಮಾತು ಜಾಸ್ತಿ, ಬಾಯಿ ಮುಚ್ಚೋದೇ ಇಲ್ಲ. ನನಗೀಗ ಅದೇ ಬೇಕು."

ಬಸ್ ಸ್ಟಾಪಿನ ತನಕ ಜೊತೆಗೆ ಹೋದೆ. ಹರೀಶನ ಮಾತು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಬಸ್ಸು ಬಂತು, ಹತ್ತಿದರು, ಕಿಟಕಿ ಬದಿಯ ಸೀಟು ಸಿಕ್ಕಿತು. ಕೈ ಬೀಸಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದರು. ಅದೇ ಕೊನೆ.

ಈ ವರ್ಷದ ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಮೇಘನಾ ಫೋನ್ ಮಾಡಿದಳು. ಮೇಡಂ ಬೆಳಗ್ಗೆ ಎದ್ದು ಕಾಫಿ ಕುಡಿದು, ಪೇಪರ್ ಓದುತ್ತ ಹೋಗಿಬಿಟ್ಟರಂತೆ. ತಾನು ಮೈಸೂರಿಗೆ ಹೊರಟಿದ್ದೇನೆ ಎಂದಳು. ನಾನು ಹೂಂ ಎಂದೆ. ಇನ್ನೇನೋ ಕೇಳಿದಳು, ಅದಕ್ಕೂ ಹೂಂ ಎಂದೆ. ಆಗ ನಾನು ಸಭಾಂಗಣದಲ್ಲಿದ್ದೆ. ಕುರ್ಚಿಗಳಿಗೆ ಬಿಳಿ ಬಟ್ಟೆ ಹಾಕಿ ಆಗಿತ್ತು. ಶಿವಾಜಿನಗರದಿಂದ ಬಂದಿದ್ದ ಸೌಂಡ್ ಸಿಸ್ಟಮ್ಮಿನ ನಯಾಜ್ ಸಾಬರು ಹಿಂದೆ ತಮ್ಮ ಯಂತ್ರದ ಮುಂದೆ ಕೂತಿದ್ದರು.

"ಸಾರ್, ಸ್ವಲ್ಪ ಮೈಕಲ್ಲಿ ಮಾತಾಡಿ. ಲೆವೆಲ್ ನೋಡ್ಬೇಕು" ಎಂದು ಅಲ್ಲಿಂದಲೇ ಕೂಗಿದರು.

ಹೋಗಿ ನಿಂತೆ.

"ಏನಾದ್ರೂ ಹೇಳಿ ಸಾರ್."

"ವಸಂತಾ ಮೇಡಂ ತೀರಿಕೊಂಡರು" ಎಂದೆ. ಖಾಲಿ ಸಭಾಂಗಣದ ಮೂಲೆ ಮೂಲೆಯಿಂದ ನನ್ನ ದನಿ ವಾಪಸು ಬಂತು. ನಯಾಜ್ ಸಾಬರು ಕಿವಿಗೆ ಹಾಕಿಕೊಂಡಿದ್ದನ್ನು ಒತ್ತಿ ಹಿಡಿದು, ಯಾವುದೋ ಗುಂಡಿ ತಿರುಗಿಸಿದರು.

"ಬಲಗಡೆದು ಸರಿ ಬರ್ತಿಲ್ಲ ಸಾರ್. ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದೆ.